ಎಂಜಿನ್ ಆಯಿಲ್ ಯಾರೇ ಬದಲಿಸಲಿ, ಸುಟ್ಟ ಆಯಿಲ್ ಎಲ್ಲಿಗೆ?

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು, ಕಾಫಿ ಕೊಯ್ಲು ಶುರುವಾಗುವ ಮೊದಲು ಎಲ್ಲರೂ ವಾಹನಗಳ ರಿಪೇರಿ ಮಾಡಿಸಿಕೊಳ್ಳುವ ಈ ದಿನಗಳಲ್ಲಿ ಜಿಲ್ಲೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದು ಚರ್ಚೆ ಕಿವಿಗೆ ಬೀಳುತ್ತದೆ. ಎಂಜಿನ್ ಆಯಿಲ್ ಬದಲಿಸುವಂಥ ಸಣ್ಣ ಕೆಲಸಕ್ಕೆ ಅರ್ಧ ದಿನ ಕಾದು, ಕೂಲಿ ತೆತ್ತು, ಒಳಗೆ ಏನು ಸುರಿದರೆಂದು ತಿಳಿಯದೆ ವಾಪಸಾಗುವ ಬದಲು ಮನೆಯಂಗಳದಲ್ಲೇ ಮಾಡಿಕೊಳ್ಳಬಾರದೇಕೆ ಎಂಬುದು ಒಂದು ವಾದ. ಅರ್ಧಂಬರ್ಧ ಗೊತ್ತಿದ್ದು ಇಲ್ಲದ ತೊಂದರೆ ತಂದುಕೊಳ್ಳುವುದಕ್ಕಿಂತ ಬಲ್ಲವರ ಕೈಗೆ ಒಪ್ಪಿಸುವುದೇ ಮೇಲು ಎಂಬುದು ಇನ್ನೊಂದು. ನಾನು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಕಾಫಿ ಬೆಳೆಗಾರ. ಬೈಕು, ಹಳೆಯ ಡೀಸೆಲ್ ಜೀಪು ಮತ್ತು ತೋಟಕ್ಕೆ ನೀರೆತ್ತುವ ಎಂಜಿನ್‌ನ ಆಯಿಲನ್ನು ನಾನೇ ಬದಲಿಸುತ್ತೇನೆ, ಮನೆಯ ಕಾರನ್ನು ಮಾತ್ರ ಗ್ಯಾರೇಜಿಗೆ ಕೊಡುತ್ತೇನೆ. ಹಾಗಾಗಿ ಎರಡೂ ವಾದಗಳಲ್ಲಿ ಹುರುಳಿದೆಯೆಂದು ಬಲ್ಲೆ. ಆದರೆ ಹೊರತೆಗೆದ ಹಳೆಯ ಆಯಿಲ್ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಎತ್ತುವುದಿಲ್ಲವಾದ್ದರಿಂದ ಈ ಪತ್ರ ಬರೆಯಬೇಕಾಯಿತು.

ಸ್ವತಃ ಮಾಡಿಕೊಳ್ಳುವ ಪದ್ಧತಿ ಕೊಡಗಿಗೆ ಹೊಸತೇನೂ ಅಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ರೋಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಯಿಸಲೇಬೇಕು. ಆಗ ಕೆರೆದಂಡೆಯಲ್ಲಿ ಹಗಲಿರುಳು ಓಡುವ ಡೀಸೆಲ್ ಎಂಜಿನ್ನನ್ನು ಆಯಿಲ್ ಬದಲಿಸಲೆಂದು ಪೇಟೆಗೆ ಹೊತ್ತೊಯ್ಯುವವರು ಯಾರೂ ಇಲ್ಲ. ಓಡಿದ ಗಂಟೆಗಳ ಲೆಕ್ಕವನ್ನು ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ಬರೆದಿಟ್ಟು, ಹೊತ್ತಾದಾಗ ಅಲ್ಲೇ ಕೂತು ಬದಲಿಸಿ ಮತ್ತೆ ಚಾಲೂ ಮಾಡುತ್ತಾರೆ. ಪವರ್ ಟಿಲ್ಲರ್, ಔಷಧಿ ಸಿಂಪಡಿಸುವ ಯಂತ್ರ, ಫೋರ್ ಸ್ಟ್ರೋಕ್ ಕಳೆ ಯಂತ್ರ ಎಲ್ಲವುಗಳ ಕಥೆಯೂ ಇದೇ. ಇಷ್ಟನ್ನು ಬಲ್ಲ ಕೈಗಳು ಬೈಕಿನ ಡ್ರೈನ್ ಬೋಲ್ಟ್ ಕಂಡು ಹಿಂಜರಿಯಲು ಕಾರಣವಿಲ್ಲ. ನೂರು ಸಿಸಿಯ ಸಾಮಾನ್ಯ ಬೈಕಿಗೆ ಬೇಕಾಗುವುದು ಒಂದು ಲೀಟರಿಗಿಂತ ತುಸು ಕಡಿಮೆ ಆಯಿಲ್, ಒಂದು ರಿಂಗ್ ಸ್ಪ್ಯಾನರ್, ಒಂದು ಹಳೆಯ ಬೇಸಿನ್ ಅಷ್ಟೆ.

ಜೀಪಿನದು ಸ್ವಲ್ಪ ಹೆಚ್ಚಿನ ಕೆಲಸ, ಐದಾರು ಲೀಟರಿನ ಮಾತು. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾಗಿ ತೆಳುವಾದ ಮೇಲೆ ನಿಲ್ಲಿಸಬೇಕು. ಕುದಿಯುವಷ್ಟು ಬಿಸಿಯಿದ್ದರೆ ಕೈ ಸುಡುತ್ತದೆ, ತಣ್ಣಗಿದ್ದರೆ ತಳದ ಗಸಿ ಅಲ್ಲೇ ಉಳಿಯುತ್ತದೆ. ಮೇಲಿನ ಮುಚ್ಚಳ ತೆಗೆದಿಟ್ಟು ಚೇಂಬರಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಬೋಲ್ಟನ್ನು ಸಡಿಲಿಸಿದ ಬಳಿಕ ಕೊನೆಯ ಒಂದೆರಡು ಸುತ್ತುಗಳನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಿ, ಬಿಟ್ಟೊಡನೆ ಕೈಯನ್ನು ಪಕ್ಕಕ್ಕೆ ಎಳೆದುಕೊಳ್ಳಬೇಕು. ತಡವಾದರೆ ಮೊಣಕೈವರೆಗೂ ಇಳಿಯುತ್ತದೆ. ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಅದರ ಜೊತೆಯಲ್ಲೇ ಬಂತೇ ಎಂದು ನೋಡದೆ ಹೊಸದನ್ನು ಹಾಕಬಾರದು. ಹಳೆಯ ರಿಂಗ್ ಎಂಜಿನ್‌ಗೆ ಅಂಟಿಕೊಂಡಿದ್ದರೆ ಅದರ ಮೇಲೆ ಹೊಸ ರಿಂಗ್ ಕೂತು, ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಹೊಸ ಆಯಿಲ್ ಪೂರ್ತಿ ನೆಲಕ್ಕೆ ಸುರಿಯಬಹುದು. ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಿಂದಲೇ ಬಿಗಿ ಮಾಡಿದರೆ ಸಾಕು. ಬೋಲ್ಟಿಗೆ ಹೊಸ ವಾಷರ್ ಹಾಕಿ ಹದವಾಗಿ ಬಿಗಿಯಬೇಕು. ಚೇಂಬರ್ ಅಲ್ಯೂಮಿನಿಯಂನದಾದರೆ, ಬಲ ಇದೆಯೆಂದು ಸ್ಪ್ಯಾನರಿನ ಮೇಲೆ ತೂಗಿದವರು ಥ್ರೆಡ್ ಕೆಡಿಸಿಕೊಂಡು ಮುಂದಿನ ಸಲ ಗ್ಯಾರೇಜಿಗೇ ಹೋಗಬೇಕಾಗುತ್ತದೆ. ಆಯಿಲ್ ತುಂಬಿದ ಮೇಲೆ ಒಂದು ನಿಮಿಷ ಓಡಿಸಿ, ಆಯಿಲ್ ಲೈಟ್ ಆರಿದ್ದನ್ನು ನೋಡಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು ಡಿಪ್‌ಸ್ಟಿಕ್ ನೋಡಬೇಕು. ಮೇಲಿನ ಗೆರೆ ದಾಟಿಸಿ ತುಂಬುವುದು ಉದಾರತೆಯಲ್ಲ. ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಸೀಲುಗಳು ಸೋರತೊಡಗುತ್ತವೆ.

ಇದರಲ್ಲಿ ಜೀವಕ್ಕೆ ಅಪಾಯ ತರುವ ಹಂತ ಒಂದೇ, ವಾಹನದ ಅಡಿಗೆ ನುಸುಳುವುದು. ನಮ್ಮಲ್ಲಿ ಸಮತಟ್ಟಾದ ಅಂಗಳ ಇರುವ ಮನೆಗಳೇ ಕಡಿಮೆ, ಇದ್ದರೂ ಮಳೆಗಾಲದ ನಂತರ ಮಣ್ಣು ಮೆತ್ತಗಿರುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಲಗುವವರನ್ನು ಕಂಡಾಗ ಎದೆ ಝಲ್ಲೆನ್ನುತ್ತದೆ. ಹಳೆಯ ಕೆಲವು ತೋಟದ ಮನೆಗಳಲ್ಲಿ ಜೀಪು ಹತ್ತಿಸಲೆಂದೇ ಕಟ್ಟಿದ ಕಲ್ಲಿನ ರ‍್ಯಾಂಪ್ ಇದೆ. ಅಂಥದ್ದು ಇಲ್ಲದವರು ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡ್ಡ ಇಟ್ಟುಕೊಳ್ಳಲಾಗದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಕ್ಷೇಮ.

ಸ್ವತಃ ಮಾಡುವವರು ಎಡವುವುದು ಹೆಚ್ಚಾಗಿ ಆಯಿಲ್ ಆರಿಸುವಾಗ. ಘಾಟಿ ಹತ್ತುವ ಗಾಡಿಗೆ ದಪ್ಪನೆಯ ಆಯಿಲೇ ಬೇಕೆಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬೇರೂರಿದೆ. ಹಳೆಯ ಎಂಜಿನ್‌ಗಳಿಗೆ 20ಡಬ್ಲ್ಯು-40 ಎಂಬ ದಪ್ಪನೆಯ ದರ್ಜೆ ಸರಿಯೇ ಇರಬಹುದು, ಆದರೆ 10ಡಬ್ಲ್ಯು-30 ಅಥವಾ 5ಡಬ್ಲ್ಯು-30 ಎಂಬ ತೆಳು ದರ್ಜೆ ಹಾಕಬೇಕೆಂದು ಪುಸ್ತಕದಲ್ಲಿ ಬರೆದಿರುವ ಈಗಿನ ಎಂಜಿನ್‌ಗೆ ಅದಕ್ಕಿಂತ ದಪ್ಪನೆಯದನ್ನು ಹಾಕಿದರೆ ಮುಂಜಾನೆ ಚಾಲೂ ಮಾಡಿದಾಗ ಮೇಲ್ಭಾಗಕ್ಕೆ ಆಯಿಲ್ ತಲುಪುವುದು ತಡವಾಗುತ್ತದೆ. ಬೈಕಿನ ವಿಷಯದಲ್ಲಂತೂ ಡಬ್ಬಿಯ ಹಿಂದೆ ಜಾಸೊ (ಜಪಾನಿನ ಆಯಿಲ್ ಮಾನದಂಡ) ಎಂಎ ಅಥವಾ ಎಂಎ2 ಎಂದು ಇದೆಯೇ ಎಂದು ಓದಲೇಬೇಕು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುವುದರಿಂದ, ಸ್ಕೂಟರಿಗೆಂದು ಬರುವ ಎಂಬಿ ದರ್ಜೆಯ ಆಯಿಲನ್ನೋ ಕಾರಿನದನ್ನೋ ಸುರಿದರೆ ಕ್ಲಚ್ ಜಾರುವ ಸಂಭವವಿದೆ, ಮತ್ತು ಅದು ಗೊತ್ತಾಗುವುದು ಸಂಪಾಜೆ ಅಥವಾ ಮಾಕುಟ್ಟ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬ ಲೆಕ್ಕವೂ ನಮಗೆ ಬೇರೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದು ಬಹುತೇಕ ಕಾರುಗಳ ಕೈಪಿಡಿಗಳು ಹೇಳುತ್ತವೆ. ಆದರೆ ಅದೇ ಕೈಪಿಡಿಗಳ ಇನ್ನೊಂದು ಪುಟದಲ್ಲಿ ಬೆಟ್ಟದ ರಸ್ತೆ, ಧೂಳು, ಭಾರ, ಹತ್ತಿರ ಹತ್ತಿರದ ಓಡಾಟ ಇದ್ದರೆ ಅವಧಿ ಕಡಿಮೆ ಮಾಡಬೇಕೆಂದೂ ಇರುತ್ತದೆ. ಇವು ನಾಲ್ಕೂ ಒಟ್ಟಿಗೆ ಸೇರಿದ ಜಿಲ್ಲೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತೋಟದ ಜೀಪು ಒಂದನೇ, ಎರಡನೇ ಗೇರಿನಲ್ಲೇ ದಿನ ಕಳೆಯುತ್ತದೆ. ಮೀಟರಿನಲ್ಲಿ ಓಟ ಕಾಣದಿದ್ದರೂ ಎಂಜಿನ್ ದುಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಿಂದ ಹಾಲಿನ ಡೇರಿಗೆ, ಅಲ್ಲಿಂದ ಶಾಲೆಗೆ ಎಂದು ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳ ತೆರೆದು ನೋಡಿ, ಒಳಬದಿಯಲ್ಲಿ ಹಾಲಿನ ಕೆನೆಯಂಥ ಹಳದಿ ಲೇಪ ಕಟ್ಟಿರುತ್ತದೆ. ಎಂಜಿನ್ ಪೂರ್ತಿ ಕಾಯದೆ ಒಳಗಿನ ತೇವ ಆವಿಯಾಗಿ ಹೋಗಲಾರದ್ದರಿಂದ ಆಗುವ ಕೆಲಸವದು. ಮುಚ್ಚಳದಲ್ಲಷ್ಟೇ ಇದ್ದರೆ ಒಮ್ಮೆ ಮೈಸೂರಿಗೆ ಹೋಗಿ ಬಂದರೆ ಮಾಯವಾಗುವುದುಂಟು. ಡಿಪ್‌ಸ್ಟಿಕ್‌ನಲ್ಲೂ ಹಾಲು ಬೆರೆತಂತೆ ಕಂಡು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಆಯಿಲೂ ನೀರೂ ಬೆರೆಯದಂತೆ ತಡೆಯುವ ಎಂಜಿನ್ ಹಾಳೆ) ಕೆಟ್ಟಿದೆಯೆಂದು ಸಂಶಯಪಟ್ಟು ತಕ್ಷಣ ಗ್ಯಾರೇಜಿಗೆ ಒಯ್ಯಬೇಕು. ಇನ್ನು ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಹೊಗೆಯ ಮಸಿಯನ್ನು ಎಂಜಿನ್ನಿನ ಒಳಗೋಡೆಗೆ ಅಂಟಗೊಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವಾದ್ದರಿಂದ, ಬೆರಳಿಗೆ ಹಚ್ಚಿ ತೋರಿಸಿ 'ನೋಡಿ ಸಾರ್, ಕರಿ ಆಗಿದೆ' ಎನ್ನುವವರ ಮಾತಿಗೆ ಹೆದರಬೇಕಿಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ವಾಹನಗಳನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ ಎಂದೇ ನಾನು ಹೇಳುವುದು. ಅವುಗಳ ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಮಸಿ ಹಿಡಿದಿಟ್ಟು ಆಗಾಗ ಸುಟ್ಟುಕೊಳ್ಳುತ್ತದೆ. ಆ ಸುಡುವಿಕೆ ಪೂರ್ತಿಯಾಗುವಷ್ಟು ದೂರ ಗಾಡಿ ಓಡದಿದ್ದರೆ, ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲಿನಲ್ಲಿ ಒಂದಷ್ಟು ಸಿಲಿಂಡರ್ ಗೋಡೆಯಿಂದ ಜಾರಿ ಚೇಂಬರಿಗೆ ಇಳಿಯುತ್ತದೆ. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿರುತ್ತದೆ, ಏರಿದ್ದು ಆಯಿಲ್ ಅಲ್ಲ. ಅವುಗಳಿಗೆ ಬೂದಿ ಕಡಿಮೆ ಬಿಡುವ ಬೇರೆಯೇ ದರ್ಜೆಯ ಆಯಿಲ್ ಬೇಕು, ಕೆಲವಕ್ಕೆ ಬದಲಿಸಿದ ಬಳಿಕ ಸ್ಕ್ಯಾನರ್ ಹಾಕಿ ಹಳೆಯ ಲೆಕ್ಕವನ್ನು ಅಳಿಸಬೇಕು.

ವಾರಂಟಿ ಮುಗಿಯದ ವಾಹನದ ವಿಷಯದಲ್ಲೂ ಕಂಪನಿಯ ಸರ್ವಿಸ್ ಬಿಡದಿರುವುದೇ ಜಾಣತನ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ರದ್ದೆಂಬ ಸಾರಾಸಗಟು ಷರತ್ತು ಹಾಕಬಾರದೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧದ ಆದೇಶದಲ್ಲಿ ಹೇಳಿತ್ತು ನಿಜ. ಆದರೆ ಆ ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತು, ಎಂಜಿನ್ ಕೆಟ್ಟು ಕೂತ ದಿನ ಅದನ್ನು ಕೌಂಟರಿನಲ್ಲಿ ಓದಿ ಹೇಳಿ ಗೆಲ್ಲುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಹಾಗಾದರೆ ಗ್ಯಾರೇಜನ್ನು ಕಣ್ಣುಮುಚ್ಚಿ ನಂಬಬಹುದೇ? ಹಿಂದೊಮ್ಮೆ ಕಾರಿನ ಫಿಲ್ಟರ್ ಮೇಲೆ ಹಾಕಿದ ತಿಂಗಳನ್ನು ಮಾರ್ಕರ್‌ನಿಂದ ಬರೆದಿಟ್ಟಿದ್ದೆ. ಮುಂದಿನ ಸರ್ವಿಸ್ ಆಗಿ, ಹೊಸ ಫಿಲ್ಟರಿನ ಹಣವೂ ಬಿಲ್ಲಿನಲ್ಲಿ ಸೇರಿ ಮನೆಗೆ ಬಂದ ಕಾರಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದರೆ ನನ್ನದೇ ಅಕ್ಷರ ಅಲ್ಲೇ ಇತ್ತು. ಕೇಳಿದಾಗ ಕೆಲಸದ ಹುಡುಗ ಮರೆತನೆಂದರು. ಮರೆತಿರಲೂಬಹುದು. ಅಂದಿನಿಂದ ಹಳೆಯ ಫಿಲ್ಟರನ್ನು ಕೈಗೆ ಕೊಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬ್ಯಾರಲ್‌ನಿಂದ ಜಗ್ಗಿನಲ್ಲಿ ಹಿಡಿದು ಸುರಿಯುವ ಲೂಸ್ ಆಯಿಲ್ ಕೆಟ್ಟದ್ದೇ ಆಗಿರಬೇಕೆಂದಿಲ್ಲ, ದೊಡ್ಡ ವರ್ಕ್‌ಶಾಪುಗಳಲ್ಲಿ ಅದೇ ರೂಢಿ. ಆದರೂ ಗಾಡಿಯ ಮಾಲೀಕನಿಗೆ ಅದರ ದರ್ಜೆ ಗೊತ್ತಾಗುವ ದಾರಿ ಇರಬೇಕು. ಸೀಲ್ ಇರುವ ಡಬ್ಬಿಯನ್ನು ನಮ್ಮೆದುರೇ ಒಡೆಸುವುದು, ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಮರಳಿ ತುಂಬಿಸಿ ಮಾರಲಾಗದಂತೆ ಮಾಡುವುದು, ಬಿಲ್ಲಿನಲ್ಲಿ ಆಯಿಲಿನ ಹೆಸರು, ದರ್ಜೆ, ಪ್ರಮಾಣ ಬರೆಸುವುದು ಯಾವ ಮೆಕ್ಯಾನಿಕ್‌ಗೂ ಅವಮಾನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ; ದೂರು ಹೇಳಿಕೊಳ್ಳಲು 1915 ಎಂಬ ಸಹಾಯವಾಣಿಯೂ ಇದೆ.

ಇಷ್ಟು ದೂರಿದ ಮೇಲೆ ಗ್ಯಾರೇಜಿನ ಪರವಾದ ಮಾತನ್ನೂ ಹೇಳಬೇಕು, ನನ್ನ ದೃಷ್ಟಿಯಲ್ಲಿ ಅದರ ತೂಕ ಹೆಚ್ಚು. ಗಾಡಿ ಮೇಲೆತ್ತಿದಾಗ ಅನುಭವಸ್ಥ ಮೆಕ್ಯಾನಿಕ್ ಆಯಿಲ್ ಒಂದನ್ನೇ ನೋಡುವುದಿಲ್ಲ. ಬ್ರೇಕ್ ಪೈಪಿನ ಬಿರುಕು, ಆಕ್ಸಲ್ ಬೂಟಿನಿಂದ ಸಿಡಿದ ಗ್ರೀಸ್, ಒಳಬದಿ ಮಾತ್ರ ಸವೆದ ಟೈರು ಅವರ ಕಣ್ಣಿಗೆ ಬೀಳುತ್ತವೆ. ಮನೆಯಲ್ಲಿ ಬೋಲ್ಟ್ ಬಿಚ್ಚಿ ಕಟ್ಟುವ ನಮ್ಮಂಥವರಿಗೆ ಅವು ಕಂಡರೂ ಅರ್ಥವಾಗುವುದಿಲ್ಲ. ಆಯಿಲ್ ಒಂದು ತಿಂಗಳು ತಡವಾದರೆ ಎಂಜಿನ್ ಸಹಿಸೀತು, ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಸಹಿಸುವವರಾರು? ಆದ್ದರಿಂದ ಆಯಿಲ್ ತಾವೇ ಬದಲಿಸುವವರೂ ಮಳೆಗಾಲದ ಮುನ್ನ ಒಮ್ಮೆ ಬ್ರೇಕ್, ಸ್ಟಿಯರಿಂಗ್ ತಪಾಸಣೆಗೆಂದೇ ಗ್ಯಾರೇಜಿಗೆ ಹೋಗಬೇಕು.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿ ಬದಲಿಸಿದ ಆಯಿಲ್ ಬೇಸಿನ್ನಿನಿಂದ ಎಲ್ಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತಿದ್ದೂ ಹೇಳುವುದಿಲ್ಲ. ಗೆದ್ದಲು ಹಿಡಿಯದಿರಲೆಂದು ಬೇಲಿ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತೇವೆ. ನೆರಳಿನ ಮರದ ಕೊಂಬೆ ಕಡಿಯುವ ಗರಗಸದ ಚೈನಿಗೆ ಹಾಕುತ್ತೇವೆ. ಅದು ತೊಟ್ಟು ತೊಟ್ಟಾಗಿ ಕಾಫಿ ಗಿಡದ ಬುಡಕ್ಕೇ ಸಿಡಿಯುತ್ತದೆ. ತುಕ್ಕು ಹಿಡಿಯದಿರಲೆಂದು ಡೀಸೆಲ್ ಬೆರೆಸಿ ಜೀಪಿನ ಅಡಿಗೆ ಸಿಂಪಡಿಸುವವರಿದ್ದಾರೆ, ಇದರಿಂದ ರಬ್ಬರ್ ಬುಷ್‌ಗಳು ಮೆತ್ತಗಾಗಿ ಕೆಡುತ್ತವೆ, ಮೊದಲ ಮಳೆಗೆ ಅರ್ಧ ಆಯಿಲ್ ರಸ್ತೆಗೆ ಇಳಿಯುತ್ತದೆ. ಉಳಿದದ್ದು ಬಾಳೆಯ ಬುಡಕ್ಕೋ ತೋಡಿಗೋ (ಸಣ್ಣ ಹಳ್ಳಕ್ಕೋ). ಗ್ಯಾರೇಜುಗಳಲ್ಲಿ ಕನಿಷ್ಠ ಒಂದು ಬ್ಯಾರಲ್ ಇದೆ, ಅದನ್ನು ಕೊಳ್ಳಲು ಬರುವವರೂ ಇದ್ದಾರೆ. ಅದು ಮರುಸಂಸ್ಕರಣೆಗೆ ಹೋಗುತ್ತದೋ ಯಾವುದೋ ಒಲೆಯಲ್ಲಿ ಉರಿಯುತ್ತದೋ ಎಂದು ವಿಚಾರಿಸುವ ಗೊಡವೆಗೆ ಯಾರೂ ಹೋದಂತಿಲ್ಲ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಕಣಗಳೂ ಅರೆಬೆಂದ ಇಂಧನದ ವಿಷಕಾರಿ ವಸ್ತುಗಳೂ ಸೇರಿರುತ್ತವೆ. ಚರ್ಮಕ್ಕೆ ಪದೇ ಪದೇ ತಗುಲಿದರೆ ಕ್ಯಾನ್ಸರ್ ತರಬಲ್ಲದೆಂಬ ಕಾರಣಕ್ಕೇ ಕೈಗವಸು ಹಾಕಿಕೊಳ್ಳಿ ಎನ್ನುವುದು. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತೀರ್ಥ ತಂದು ದೇವರ ಮುಂದಿಡುವ ನಾವು ಅದೇ ನೀರಿಗೆ ಸೇರುವ ತೋಡಿನ ದಂಡೆಯಲ್ಲಿ ಜೀಪು ತೊಳೆಯುತ್ತೇವೆ. ಈ ನೀರನ್ನೇ ಕೆಳಗೆ ಮೈಸೂರು, ಬೆಂಗಳೂರಿನವರೂ ಕುಡಿಯುವುದು.

ಕಾನೂನಿಗೆ ಇಲ್ಲಿ ಕೊರತೆಯಿಲ್ಲ. ಹೊಳೆ, ಬಾವಿಗಳಿಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ನಿಷೇಧಿಸುತ್ತದೆ. ಬಳಸಿದ ಆಯಿಲನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ತರಲಾಗಿದೆ. ಅದೇ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಆಯಿಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಬಳಸಿದ ಆಯಿಲಿನ ಮರುಸಂಸ್ಕರಣೆಯ ಹೊಣೆ ಹೊರಬೇಕೆಂದು ವಿಧಿಸಿದೆ. ಮೂಲ ಎಣ್ಣೆ ಸವೆದುಹೋಗುವ ವಸ್ತುವಲ್ಲ. ಕೊಳೆ, ನೀರು, ಮುಗಿದುಹೋದ ರಾಸಾಯನಿಕಗಳನ್ನು ಬೇರ್ಪಡಿಸಿದರೆ ಅದರಿಂದ ಮತ್ತೆ ಹೊಸ ಆಯಿಲ್ ಮಾಡಬಹುದು. ಅಷ್ಟಿದ್ದೂ ಬಲ್ಲಮಾವಟಿಯ ಒಬ್ಬ ರೈತ ಕ್ಯಾನಿನಲ್ಲಿ ಹಿಡಿದಿಟ್ಟ ಐದು ಲೀಟರ್ ಹಳೆಯ ಆಯಿಲನ್ನು ಎಲ್ಲಿಗೆ ಒಯ್ಯಬೇಕೆಂಬುದಕ್ಕೆ ಈ ನಿಯಮಗಳಲ್ಲಿ ಯಾವುದರಿಂದಲೂ ಅವನಿಗೆ ಉತ್ತರ ಸಿಗುವುದಿಲ್ಲ.

ಉತ್ತರಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗೊಬ್ಬರಕ್ಕೆ, ಸಾಲಕ್ಕೆ ಬೆಳೆಗಾರರೆಲ್ಲರೂ ಹೋಗಿಬರುವ ಕೃಷಿ ಪತ್ತಿನ ಸಹಕಾರ ಸಂಘಗಳು ಕೊಡಗಿನ ಊರೂರಲ್ಲೂ ಇವೆ. ಅವುಗಳ ಗೋದಾಮಿನ ಪಕ್ಕ, ಮಳೆ ಬೀಳದ ಮಾಡಿನ ಕೆಳಗೆ, ಸುತ್ತ ಸಿಮೆಂಟಿನ ತಡೆ ಕಟ್ಟಿ ಮುಚ್ಚಳವಿರುವ ಒಂದು ಬ್ಯಾರಲ್ ಇಟ್ಟು, ತುಂಬಿದಾಗ ಅಧಿಕೃತ ಮರುಸಂಸ್ಕರಣೆಯವರನ್ನು ಕರೆಸುವ ವ್ಯವಸ್ಥೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯೂ ಜಿಲ್ಲಾಡಳಿತವೂ ಸೇರಿ ಮಾಡಬೇಕು. ಪೆಟ್ರೋಲ್, ಕೂಲೆಂಟ್, ನೀರು ಬೆರೆತರೆ ಇಡೀ ಬ್ಯಾರಲ್ ಕೆಡುವುದರಿಂದ ಸುರಿಯುವಾಗ ನೋಡಿಕೊಳ್ಳಲು ಒಬ್ಬರಿರಬೇಕು, ವಾರದ ಒಂದು ದಿನ, ಸಂತೆಯ ದಿನವೇ ಆದರೆ ಒಳ್ಳೆಯದು. 2018 ಮತ್ತು 2019ರ ಆಗಸ್ಟ್‌ನಲ್ಲಿ ನೀರು ನುಗ್ಗಿದ ಕುಶಾಲನಗರದ ತಗ್ಗಿನ ಬಡಾವಣೆಗಳು, ಕರಡಿಗೋಡು, ಪ್ರತಿ ಮಳೆಗಾಲದಲ್ಲೂ ಮುಳುಗುವ ಭಾಗಮಂಡಲದ ಸಂಗಮದ ಆಸುಪಾಸಿನಂಥ ಕಡೆ ಬ್ಯಾರಲನ್ನು ಎತ್ತರದಲ್ಲೇ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ನಮ್ಮ ಗ್ಯಾರೇಜಿನವರು ಪರಿಚಯದ ಗಿರಾಕಿಗಳು ತಂದ ಹಳೆಯ ಆಯಿಲನ್ನು ತಮ್ಮ ಬ್ಯಾರಲಿಗೆ ಸುರಿಯಲು ಬಿಡಬೇಕೆಂದು ವಿನಂತಿ. ಕೂಲಿ ಹೋಯಿತೆಂದು ಮುನಿಸಿಕೊಳ್ಳದೆ ಹಾಗೆ ಬಿಡುವ ಒಬ್ಬರು ನಮ್ಮ ಪೇಟೆಯಲ್ಲಿ ಈಗಾಗಲೇ ಇದ್ದಾರೆ, ನನ್ನ ಕ್ಯಾನುಗಳು ಹೋಗುವುದೂ ಅಲ್ಲಿಗೇ.

ಫೆಬ್ರವರಿಯಲ್ಲಿ ಪಂಪ್‌ಸೆಟ್‌ಗಳು ಕೆರೆದಂಡೆಗೆ ಇಳಿದ ಮೇಲೆ ಜಿಲ್ಲೆಯಲ್ಲಿ ಹೊರಬೀಳುವ ಸುಟ್ಟ ಆಯಿಲಿನ ಪ್ರಮಾಣ ಒಮ್ಮೆಲೇ ಹೆಚ್ಚುತ್ತದೆ, ಅದೂ ನೀರಿನ ಪಕ್ಕದಲ್ಲೇ. ಸಂಬಂಧಪಟ್ಟವರು ಕೆಲವು ಸಂಘಗಳಲ್ಲಾದರೂ ಜನವರಿ ಮುಗಿಯುವ ಮೊದಲು ಇದನ್ನು ಆರಂಭಿಸಿ, ಬ್ಯಾರಲ್ ಎಲ್ಲೆಲ್ಲಿ ಇದೆಯೆಂಬ ಪಟ್ಟಿಯನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ನಾಪೋಕ್ಲು ಹೋಬಳಿ, ಮಡಿಕೇರಿ ತಾಲ್ಲೂಕು